ಮಾರ್ಗರೆಟ್ ರಿವರ್‌ನಲ್ಲಿ ಎಲ್ಲಿ ಉಳಿಯಬೇಕು? ತೋಟವೋ, ಪೇಟೆಯೋ, ಕಡಲೋ

ಬೆಂಗಳೂರಿನಿಂದ ಆಸ್ಟ್ರೇಲಿಯಾಕ್ಕೆ ಹೊರಟವರು ಸಾಮಾನ್ಯವಾಗಿ ಸಿಡ್ನಿ ಅಥವಾ ಮೆಲ್ಬರ್ನ್‌ಗೆ ಟಿಕೆಟ್ ಮಾಡಿಸುತ್ತಾರೆ. ಆದರೆ ಆ ದೇಶದ ದೊಡ್ಡ ಊರುಗಳಲ್ಲಿ ನಮಗೆ ಹತ್ತಿರದ್ದು ಪರ್ತ್. ಸಿಂಗಾಪುರದಲ್ಲೋ ಕೌಲಾಲಂಪುರದಲ್ಲೋ ವಿಮಾನ ಬದಲಿಸಿದರೆ ಸಾಕು. ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ ಅಷ್ಟೇ, ಹಾಗಾಗಿ ಮಕ್ಕಳಿಗೂ ವಯಸ್ಸಾದವರಿಗೂ ನಿದ್ದೆ ಅಷ್ಟಾಗಿ ಏರುಪೇರಾಗುವುದಿಲ್ಲ. ಪರ್ತ್‌ನಿಂದ ದಕ್ಷಿಣಕ್ಕೆ ಸುಮಾರು 270 ಕಿಲೋಮೀಟರ್, ಕಾರಿನಲ್ಲಿ ಮೂರು ಗಂಟೆ ಹೋದರೆ ಮಾರ್ಗರೆಟ್ ರಿವರ್. ಒಂದು ಕಡೆ ಹಿಂದೂ ಮಹಾಸಾಗರ, ಇನ್ನೊಂದು ಕಡೆ ದ್ರಾಕ್ಷಿ ತೋಟ, ನಡುನಡುವೆ ಕಾರಿ ಎಂಬ, ನೀಲಗಿರಿ ಜಾತಿಯ ಆಕಾಶದೆತ್ತರದ ಮರಗಳ ಕಾಡು. ವೈನ್ ಕುಡಿಯದವರಿಗೂ ಅಲ್ಲಿ ವಾರಕ್ಕಾಗುವಷ್ಟು ಸಂತೋಷವಿದೆ.

ಹೋಗುವುದು ನಿಶ್ಚಯವಾದ ಮೇಲೆ ಎಲ್ಲರೂ ತಡವರಿಸುವುದು ಉಳಿಯುವ ಜಾಗದ ವಿಷಯದಲ್ಲಿ. ಯಾಕೆಂದರೆ ಮಾರ್ಗರೆಟ್ ರಿವರ್ ಅಂದರೆ ಬರೀ ಒಂದು ಊರಲ್ಲ. ಉತ್ತರದ ಕೇಪ್ ನ್ಯಾಚುರಲಿಸ್ಟ್‌ನಿಂದ ದಕ್ಷಿಣದ ಕೇಪ್ ಲೂವಿನ್ ತನಕ ನೂರು ಕಿಲೋಮೀಟರ್ ಆಸುಪಾಸಿನ ಉದ್ದನೆಯ ಪಟ್ಟಿ ಅದು. ಬಸಲ್ಟನ್, ಡನ್ಸ್‌ಬರೋ, ಯಾಲಿಂಗಪ್, ಕೌವರಮಪ್, ಮಾರ್ಗರೆಟ್ ರಿವರ್ ಪೇಟೆ, ಪ್ರೆವೆಲಿ, ಅಗಸ್ಟಾ, ಇವೆಲ್ಲ ಬುಕಿಂಗ್ ಆ್ಯಪ್‌ಗಳಲ್ಲಿ ಒಂದೇ ಹೆಸರಿನ ಕೆಳಗೆ ಬರುತ್ತವೆ. ಬಸಲ್ಟನ್‌ನಲ್ಲಿ ರೂಮು ಮಾಡಿಕೊಂಡು ಲೂವಿನ್ ದೀಪಸ್ತಂಭ ನೋಡಿಬರುವುದೆಂದರೆ ಹೋಗಿಬರಲು 200 ಕಿಲೋಮೀಟರ್ ಹತ್ತಿರ. ಈ ಪಟ್ಟಿಯುದ್ದಕ್ಕೂ ಓಡಾಡಿಸುವ ಸಿಟಿ ಬಸ್ಸಿನಂಥದ್ದು ಅಲ್ಲಿಲ್ಲ. ಪರ್ತ್‌ನಿಂದ ಬರುವ ಬಸ್ಸು ನಿಮ್ಮನ್ನು ಪೇಟೆಯಲ್ಲಿ ಇಳಿಸಿ ಹೋಗುತ್ತದೆ, ಆಮೇಲೆ ಕಾರು ಬೇಕೇ ಬೇಕು.

ನನ್ನ ಸಲಹೆ ಇಷ್ಟೇ. ಬಾಲ್ಕನಿಯ ಫೋಟೋ ನೋಡಿ ಜಾಗ ಆರಿಸಬೇಡಿ, ಸಂಜೆಯನ್ನು ನೋಡಿ ಆರಿಸಿ. ರಾತ್ರಿ ಊಟ ಎಲ್ಲಿ, ಊಟ ಮುಗಿಸಿ ಗಾಡಿ ಓಡಿಸೋರು ಯಾರು? ಈ ಎರಡು ಪ್ರಶ್ನೆಗೆ ಮನೆಯಲ್ಲಿ ಉತ್ತರ ಸಿಕ್ಕಿದರೆ ಅರ್ಧ ಆಯ್ಕೆ ಆದ ಹಾಗೆ.

ಸಂಜೆಯ ಲೆಕ್ಕ ಯಾಕೆ

ವೈನರಿಗಳ ಟೇಸ್ಟಿಂಗ್ ರೂಮುಗಳು ಹೆಚ್ಚಾಗಿ ಬೆಳಗ್ಗೆ ಹತ್ತರಿಂದ ಸಂಜೆ ಐದರ ತನಕ. ಅಲ್ಲಿನ ಹೆಸರಾಂತ ತೋಟದ ರೆಸ್ಟೋರೆಂಟ್‌ಗಳಲ್ಲೂ ಬಹಳಷ್ಟು ಕಡೆ ಮಧ್ಯಾಹ್ನದ ಊಟ ಮಾತ್ರ. ಐದು ಗಂಟೆಗೆ ತೋಟ ಮುಚ್ಚಿದ ಮೇಲೆ ಊಟಕ್ಕೆ ಪೇಟೆಗೇ ಬರಬೇಕು, ಇಲ್ಲವೇ ನೀವೇ ಅಡುಗೆ ಮಾಡಿಕೊಳ್ಳಬೇಕು. ಅಡುಗೆಮನೆಗಳೂ ನಮ್ಮಲ್ಲಿಯ ಹಾಗೆ ಹತ್ತೂವರೆ ತನಕ ತೆರೆದಿರುವುದಿಲ್ಲ. ಎಂಟೂವರೆಗೆ ಹೋಗಿ ನಿಂತರೆ ಕೊನೆಯ ಆರ್ಡರ್ ಆಗಿಹೋಗಿರಬಹುದು.

ಇನ್ನು ರಸ್ತೆ. ಕೇವ್ಸ್ ರೋಡ್ ಅನ್ನುವುದು ಕಡಲಿಗೆ ಸಮಾನಾಂತರವಾಗಿ, ತೋಟ ಮತ್ತು ಕಾಡುಗಳ ನಡುವೆ ಸಾಗುವ ಚೆಂದದ ಎರಡು ಲೇನಿನ ರಸ್ತೆ. ಹಗಲಲ್ಲಿ ಅದರಷ್ಟು ಖುಷಿ ಕೊಡುವ ಡ್ರೈವ್ ಕಡಿಮೆ. ಕತ್ತಲಾದ ಮೇಲೆ ದೀಪವಿಲ್ಲ, ಮೊಬೈಲ್ ಸಿಗ್ನಲ್ ಕೆಲವೆಡೆ ಹೋಗುತ್ತದೆ, ಕಾಂಗರೂಗಳು ಮುಸ್ಸಂಜೆಗೇ ರಸ್ತೆ ಬದಿಗೆ ಮೇಯಲು ಬರುತ್ತವೆ. ಅವು ಹೆಡ್‌ಲೈಟಿಗೆ ಬೆದರಿ ಯಾವ ಕಡೆ ಹಾರುತ್ತವೆ ಎಂದು ಹೇಳಲಾಗದು. ಜೂನ್‌ನಲ್ಲಿ ಐದೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ.

ಕುಡಿದು ಓಡಿಸುವ ವಿಷಯದಲ್ಲಿ ಅಲ್ಲಿ ಯಾವ ಸಡಿಲಿಕೆಯೂ ಇಲ್ಲ. ರಕ್ತದಲ್ಲಿ ಆಲ್ಕೋಹಾಲ್ ಮಿತಿ ಶೇಕಡಾ 0.05. ಪೊಲೀಸರು ಎಲ್ಲಿ ಬೇಕಾದರೂ ನಿಲ್ಲಿಸಿ ಊದಿಸುತ್ತಾರೆ. ಮೂರು ತೋಟದಲ್ಲಿ ಸ್ವಲ್ಪ ಸ್ವಲ್ಪ ರುಚಿ ನೋಡಿದರೂ ಲೆಕ್ಕ ತಪ್ಪಬಹುದು. ಹಾಗಾಗಿ ಗುಂಪಿನಲ್ಲಿ ಕುಡಿಯದವರೊಬ್ಬರು ಇರಬೇಕು, ಇಲ್ಲವೇ ರೂಮಿನ ಬಾಗಿಲಿಂದಲೇ ಕರೆದುಕೊಂಡು ಹೋಗಿ ವಾಪಸ್ ಬಿಡುವ ಮಿನಿಬಸ್ ಟೂರ್ ಹಿಡಿಯಬೇಕು. ಈ ಟೂರ್‌ಗಳು ಪೇಟೆಯಲ್ಲಿ ಉಳಿದವರನ್ನು ಸುಲಭವಾಗಿ ಹತ್ತಿಸಿಕೊಳ್ಳುತ್ತವೆ. ದೂರದ ತೋಟದ ಮನೆಗೆ ಬರುತ್ತವೆಯೇ ಎಂದು ಮೊದಲೇ ಕೇಳಿಕೊಳ್ಳಿ.

ದ್ರಾಕ್ಷಿ ತೋಟದೊಳಗಿನ ಮನೆ

ದ್ರಾಕ್ಷಿ ತೋಟ ಅಂದರೆ ನಮಗೆ ನೆನಪಾಗುವುದು ದೊಡ್ಡಬಳ್ಳಾಪುರ, ನಂದಿ ಬೆಟ್ಟದ ಬುಡ. ಬೆಳಗ್ಗೆ ಹೋಗಿ ಸಂಜೆ ಮನೆ ಸೇರುವ ಜಾಗ. ಬಳ್ಳಿಗಳ ನಡುವೆಯೇ ರಾತ್ರಿ ಕಳೆಯುವುದು ಬೇರೆಯದೇ ಅನುಭವ. ಆ ಆಸೆ ಇದ್ದವರು ವಿಲಿಯಾಬ್ರಪ್ ಸುತ್ತಮುತ್ತ ಹುಡುಕಬೇಕು. ಪೇಟೆಯಿಂದ ಉತ್ತರಕ್ಕೆ ಸುಮಾರು 20 ಕಿಲೋಮೀಟರ್.

ಈ ನೆಲದ ಕಥೆ ತಿಳಿದುಕೊಂಡು ಹೋದರೆ ಅಲ್ಲಿ ಉಳಿಯುವುದು ಇನ್ನಷ್ಟು ಚೆನ್ನ. 1960ರ ದಶಕದ ನಡುವಿನಲ್ಲಿ ಜಾನ್ ಗ್ಲ್ಯಾಡ್‌ಸ್ಟೋನ್ಸ್ ಎಂಬ ಕೃಷಿ ವಿಜ್ಞಾನಿ, ಇಲ್ಲಿನ ಹವೆ ಮತ್ತು ಮಣ್ಣು ಒಳ್ಳೆಯ ವೈನ್ ದ್ರಾಕ್ಷಿಗೆ ಹೇಳಿಮಾಡಿಸಿದ್ದು ಎಂದು ಬರೆದರು. ಅದನ್ನು ನಂಬಿ ಪರ್ತ್‌ನ ಹೃದ್ರೋಗ ತಜ್ಞ ಟಾಮ್ ಕಲಿಟಿ 1967ರಲ್ಲಿ ವಾಸ್ ಫೀಲಿಕ್ಸ್ ತೋಟ ಹಾಕಿದರು. ಅವರ ಹಿಂದೆಯೇ ಮಾಸ್ ವುಡ್, ಕಲೆನ್ ತೋಟಗಳು ಬಂದವು. ಅವುಗಳನ್ನು ಶುರು ಮಾಡಿದ್ದೂ ಡಾಕ್ಟರುಗಳೇ. ಕ್ಯಾಬರ್ನೆ ಸೊವಿನ್ಯೋನ್ ಮತ್ತು ಶಾರ್ಡನೆ ಇಲ್ಲಿ ಹೆಸರು ಮಾಡಿದ ತಳಿಗಳು. ಸಮುದ್ರ ಹತ್ತಿರವಿರುವುದರಿಂದ ಬಿಸಿಲು ವಿಪರೀತಕ್ಕೆ ಹೋಗುವುದಿಲ್ಲ, ರಾತ್ರಿ ತೀರಾ ಕೊರೆಯುವುದೂ ಇಲ್ಲ.

ತೋಟದ ಮನೆಯ ದೊಡ್ಡ ಲಾಭ ಬೆಳಗ್ಗೆ ಮತ್ತು ಸಂಜೆ. ಪ್ರವಾಸಿಗರೆಲ್ಲ ಹೋದ ಮೇಲೆ ಆ ಮೌನ ನಿಮ್ಮದು. ಹಕ್ಕಿಗಳು ಜಾಸ್ತಿ. ಮಕ್ಕಳು ಓಡಾಡಲು ಜಾಗವಿದೆ. ಆದರೆ ಫೆಬ್ರವರಿಯಿಂದ ಏಪ್ರಿಲ್ ತನಕ ಕೊಯ್ಲು. ಕೊಯ್ಲಿನ ಯಂತ್ರಗಳು ಹಣ್ಣು ತಂಪಾಗಿರಲಿ ಎಂದು ರಾತ್ರಿ, ನಸುಕಿನಲ್ಲೇ ಕೆಲಸ ಮಾಡುತ್ತವೆ. ಆ ಸದ್ದು ಸಣ್ಣದಲ್ಲ. ನನಗೆ ಅದು ಇಷ್ಟ, ಒಂದು ವರ್ಷದ ದುಡಿಮೆ ಕೈಗೆ ಬರುವುದನ್ನು ಕಣ್ಣಾರೆ ನೋಡಬಹುದಲ್ಲ. ನಿದ್ದೆ ಸೂಕ್ಷ್ಮವಿರುವ ಹಿರಿಯರು ಜೊತೆಗಿದ್ದರೆ ಮನೆ ಎಷ್ಟು ದೂರದಲ್ಲಿದೆ ಎಂದು ಕೇಳಿ. ಹಣ್ಣು ಮಾಗುವ ಹೊತ್ತಿಗೆ ಹಕ್ಕಿಗಳು ತಿನ್ನದಿರಲಿ ಎಂದು ಸಾಲುಗಳ ಮೇಲೆ ಬಿಳಿ ಬಲೆ ಹೊದಿಸಿರುತ್ತಾರೆ. ಮಾರಿ ಎಂಬ ಕಾಡುಮರ ಚೆನ್ನಾಗಿ ಹೂ ಬಿಟ್ಟ ವರ್ಷ ಹಕ್ಕಿಗಳು ಆ ಹೂವಿನ ಕಡೆ ಹೋಗಿ ದ್ರಾಕ್ಷಿಯನ್ನು ಬಿಟ್ಟುಬಿಡುತ್ತವೆ, ಬಿಡದ ವರ್ಷ ಕಾಟ ಜೋರು. ಫೋಟೋದಲ್ಲಿದ್ದ ಹಸಿರು ಸಾಲು ಕಾಣಲಿಲ್ಲವೆಂದು ಬೇಸರಿಸಬೇಡಿ. ಜೂನ್‌ನಿಂದ ಆಗಸ್ಟ್ ತನಕ ಬಳ್ಳಿಗಳು ಎಲೆ ಉದುರಿಸಿ ಬೋಳಾಗಿರುತ್ತವೆ ಅನ್ನುವುದೂ ಗೊತ್ತಿರಲಿ.

ತೋಟದ ಮನೆಗಳಲ್ಲಿ ಎರಡು ಥರ. ಒಂದು, ಬೆಳಗ್ಗೆ ತಿಂಡಿ ಕೊಡುವ, ಅಡುಗೆಮನೆ ಇಲ್ಲದ ಐಷಾರಾಮಿ ರೂಮು. ಇದು ಗಂಡ ಹೆಂಡತಿ ಇಬ್ಬರೇ ಒಂದೆರಡು ರಾತ್ರಿಗೆ ಹೋಗುವುದಾದರೆ ಸರಿ. ಇನ್ನೊಂದು, ಪೂರ್ತಿ ಅಡುಗೆಮನೆ ಇರುವ ಕಾಟೇಜು. ಕುಟುಂಬಕ್ಕೆ ನಾನು ಎರಡನೆಯದನ್ನೇ ಹೇಳುತ್ತೇನೆ. ಹೋಗುವ ದಾರಿ ಮಣ್ಣು ರಸ್ತೆಯೇ ಎಂದು ತಿಳಿದುಕೊಳ್ಳಿ. ಬಾಡಿಗೆ ಕಾರಿನ ವಿಮೆ ಮಣ್ಣು ರಸ್ತೆಗೆ ಅನ್ವಯಿಸುವುದಿಲ್ಲ ಎಂಬ ಷರತ್ತು ಅಲ್ಲಿ ಮಾಮೂಲಿ.

ಪೇಟೆಯೊಳಗೆ

ಮಾರ್ಗರೆಟ್ ರಿವರ್ ಪೇಟೆಯ ಮೋಟೆಲ್ಲು, ಅಪಾರ್ಟ್‌ಮೆಂಟುಗಳಲ್ಲಿ ನೋಟ ಏನೂ ಇರುವುದಿಲ್ಲ. ಕಿಟಕಿ ತೆರೆದರೆ ಪಾರ್ಕಿಂಗ್ ಜಾಗ ಕಾಣಬಹುದು. ಆದರೂ ಮೊದಲ ಸಲ ಹೋಗುವವರಿಗೆ ಇದರಷ್ಟು ಅನುಕೂಲ ಬೇರೆಯಿಲ್ಲ. ಸಂಜೆ ಕಾರಿನ ಕೀಲಿ ಒಳಗಿಟ್ಟು ನಡೆದುಕೊಂಡೇ ಊಟಕ್ಕೆ ಹೋಗಿಬರಬಹುದು. ಸೂಪರ್‌ಮಾರ್ಕೆಟ್, ಔಷಧಿ ಅಂಗಡಿ, ಬೇಕರಿ ಎಲ್ಲ ಒಂದೇ ಬೀದಿಯಲ್ಲಿವೆ. ಕಡಲು 10 ಕಿಲೋಮೀಟರ್, ತೋಟಗಳು ಹದಿನೈದು ಇಪ್ಪತ್ತು ನಿಮಿಷ. ಮ್ಯಾಮತ್ ಮತ್ತು ಲೇಕ್ ಗುಹೆಗಳು ದಕ್ಷಿಣಕ್ಕೆ ಅಷ್ಟೇ ದೂರ. ಪೇಟೆಗೆ 12 ಕಿಲೋಮೀಟರ್ ಮೊದಲೇ ಸಿಗುವ ಕೌವರಮಪ್ ಇನ್ನೂ ಚಿಕ್ಕದು. ಬೀದಿ ತುಂಬ ಹಸುಗಳ ಪ್ರತಿಮೆ ನಿಲ್ಲಿಸಿದ್ದಾರೆ, ಮಕ್ಕಳು ಅಲ್ಲಿಂದ ಏಳುವುದೇ ಇಲ್ಲ.

ಕಡಲು ಒಂದೇ ಅಲ್ಲ

"ಬೀಚ್ ಹತ್ತಿರ" ಅಂತ ಬರೆದಿದ್ದರೆ ಯಾವ ದಿಕ್ಕಿಗೆ ಮುಖ ಮಾಡಿದ ಬೀಚ್ ಎಂದು ನಕ್ಷೆ ತೆರೆದು ನೋಡಲೇಬೇಕು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇದು ಜೀವದ ಪ್ರಶ್ನೆ.

ಬಸಲ್ಟನ್ ಮತ್ತು ಡನ್ಸ್‌ಬರೋ ಇರುವುದು ಉತ್ತರಕ್ಕೆ ಮುಖ ಮಾಡಿದ ಜಿಯೊಗ್ರಾಫ್ ಕೊಲ್ಲಿಯಲ್ಲಿ. ಇಲ್ಲಿ ನೀರು ಶಾಂತ. ಮೊಣಕಾಲುದ್ದದ ನೀರಿನಲ್ಲಿ ಮಕ್ಕಳು ಆಡಬಹುದು. ಡನ್ಸ್‌ಬರೋ ಪಕ್ಕದ ಮೀಲಪ್ ಬೀಚಿನಲ್ಲಿ ಮರದ ನೆರಳೂ ಇದೆ. ಬಸಲ್ಟನ್‌ನಲ್ಲಿ 1,841 ಮೀಟರ್ ಉದ್ದದ ಮರದ ಜೆಟ್ಟಿ ಕಡಲೊಳಗೆ ಚಾಚಿಕೊಂಡಿದೆ. ಅದರ ತುದಿಗೆ ಪುಟ್ಟ ರೈಲು ಹೋಗುತ್ತದೆ, ತುದಿಯಲ್ಲಿ ನೀರಿನಡಿಗೆ ಇಳಿದು ಮೀನು ನೋಡಬಹುದು. ಮೊಣಕಾಲು ನೋವಿರುವ ಅಜ್ಜಿ ತಾತನೂ ಖುಷಿಪಡುವ ಜಾಗ. ಸೆಪ್ಟೆಂಬರ್‌ನಿಂದ ನವೆಂಬರ್ ತನಕ ಇದೇ ಕೊಲ್ಲಿಯಲ್ಲಿ ಮರಿ ಕಟ್ಟಿಕೊಂಡ ತಾಯಿ ತಿಮಿಂಗಿಲಗಳು ವಿಶ್ರಾಂತಿಗೆ ನಿಲ್ಲುತ್ತವೆ.

ಯಾಲಿಂಗಪ್, ಗ್ರೇಸ್‌ಟೌನ್, ಪ್ರೆವೆಲಿ ಇರುವುದು ಪಶ್ಚಿಮಕ್ಕೆ, ತೆರೆದ ಸಾಗರಕ್ಕೆ ಎದುರಾಗಿ. ಪ್ರೆವೆಲಿಯ ಸರ್ಫರ್ಸ್ ಪಾಯಿಂಟ್‌ನಲ್ಲಿ ವಿಶ್ವಮಟ್ಟದ ಸರ್ಫಿಂಗ್ ಸ್ಪರ್ಧೆ ನಡೆಯುತ್ತದೆ ಅಂದರೆ ಅಲೆ ಎಂಥದ್ದಿರಬಹುದು ಊಹಿಸಿ. ಸೂರ್ಯಾಸ್ತ ಇಲ್ಲಿಂದ ಅದ್ಭುತ. ದಂಡೆಯಿಂದ ನೋಡುವುದಕ್ಕೆ ಚೆನ್ನ, ಈಜು ಗೊತ್ತಿಲ್ಲದವರು ಇಳಿಯುವುದಕ್ಕಲ್ಲ. ಬಂಡೆಯ ಅಂಚಿಗೆ ಹೋಗಿ ಫೋಟೋ ತೆಗೆಸಿಕೊಳ್ಳುವ ನಮ್ಮ ಚಟವನ್ನು ಇಲ್ಲಿ ಪೂರ್ತಿ ಬಿಟ್ಟುಬಿಡಿ. ನೀರು ಶಾಂತವಾಗಿದ್ದಂತೆ ಕಂಡು, ಇದ್ದಕ್ಕಿದ್ದಂತೆ ದೊಡ್ಡ ಅಲೆ ಬಂದು ಬಂಡೆ ಮೇಲಿದ್ದವರನ್ನು ಎಳೆದುಕೊಂಡು ಹೋಗುತ್ತದೆ. ಈ ಕಡೆಯೇ ಉಳಿಯಬೇಕು ಅನ್ನಿಸಿದರೆ ಪ್ರೆವೆಲಿ ಪಕ್ಕದ ನಾರಬಪ್ ನೋಡಿ. ಬಂಡೆಗಳ ಆಸರೆಯಿಂದ ಅಲ್ಲಿ ನೀರು ಸ್ವಲ್ಪ ಮೆತ್ತಗಿರುತ್ತದೆ.

ಅಗಸ್ಟಾ ದಕ್ಷಿಣದ ತುದಿ. 1896ರಲ್ಲಿ ತೆರೆದ ದೀಪಸ್ತಂಭ, ಎರಡು ಸಾಗರಗಳು ಸೇರುವ ಜಾಗ ಎಂಬ ಹೆಸರು, ಜೂನ್‌ನಿಂದ ಆಗಸ್ಟ್ ತನಕ ತಿಮಿಂಗಿಲ. ಊರು ಪ್ರಶಾಂತ, ಬಾಡಿಗೆ ಕಡಿಮೆ. ಆದರೆ ದ್ರಾಕ್ಷಿ ತೋಟಗಳೇ ಮುಖ್ಯ ಅನ್ನುವವರಿಗೆ ದೂರವಾಗುತ್ತದೆ.

ಕ್ಯಾರವಾನ್ ಪಾರ್ಕಿನ ಕ್ಯಾಬಿನ್

ನಮ್ಮವರು ಇದನ್ನು ನೋಡದೆ ಮುಂದೆ ಹೋಗುತ್ತಾರೆ, ಅದು ನನಗೆ ನಿಜಕ್ಕೂ ಬೇಸರದ ಸಂಗತಿ. ಹೆಸರು ಕೇಳಿ ಟೆಂಟು, ಕೆಸರು ಎಂದುಕೊಳ್ಳುತ್ತಾರೆ. ಅಲ್ಲಿನ ಹಾಲಿಡೇ ಪಾರ್ಕುಗಳಲ್ಲಿ ಕ್ಯಾರವಾನ್ ನಿಲ್ಲಿಸುವ ಜಾಗದ ಜೊತೆಗೆ ಎರಡು ಬೆಡ್‌ರೂಮು, ಬಚ್ಚಲು, ಅಡುಗೆಮನೆ ಇರುವ ಪುಟ್ಟ ಮರದ ಮನೆಗಳೂ ಇರುತ್ತವೆ. ಬಸಲ್ಟನ್, ಡನ್ಸ್‌ಬರೋ ಕಡೆಯಲ್ಲಿ ಕೆಲವು ಕಡಲ ದಂಡೆಗೇ ಹತ್ತಿಕೊಂಡಿವೆ. ಮಕ್ಕಳಿಗೆ ಆಟದ ಮೈದಾನ, ದೊಡ್ಡವರಿಗೆ ಬಟ್ಟೆ ಒಗೆಯುವ ಯಂತ್ರ, ಹೊರಗೆ ಬಾರ್ಬೆಕ್ಯೂ. ಅಜ್ಜಿ ತಾತ, ಮಕ್ಕಳು ಸೇರಿ ಐದಾರು ಜನ ಹೋಗುವ ಮನೆಗೆ ಖರ್ಚಿನಲ್ಲೂ ಅನುಕೂಲದಲ್ಲೂ ಇದಕ್ಕೆ ಸಮ ಸಿಗುವುದು ಕಷ್ಟ. ಗೋಡೆ ತೆಳು, ಶಾಲೆ ರಜೆಯಲ್ಲಿ ಗದ್ದಲ ಇರುತ್ತದೆ. ಜೋಡಿಯಾಗಿ ಏಕಾಂತ ಹುಡುಕಿಕೊಂಡು ಹೋಗುವವರಿಗೆ ಇದು ಹೇಳಿಮಾಡಿಸಿದ್ದಲ್ಲ.

ಕಾಡಿನ ನಡುವಿನ ಮರದ ಮನೆಗಳು (chalet) ಚಳಿಗಾಲಕ್ಕೆ ಚೆಂದ. ರಾತ್ರಿ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುವುದು ಮಾಮೂಲಿ, ಒಳಗೆ ಸೌದೆ ಒಲೆ ಉರಿಯುತ್ತಿರುತ್ತದೆ. ಬೇಸಿಗೆಯಲ್ಲಿ ಮಾತ್ರ ಯೋಚಿಸಿ. ಕಾಳ್ಗಿಚ್ಚು ಅಲ್ಲಿ ಬರೀ ಮಾತಲ್ಲ. ನವೆಂಬರ್ 2011ರಲ್ಲಿ ಪ್ರೆವೆಲಿ ಸುತ್ತ ಮೂವತ್ತಕ್ಕೂ ಹೆಚ್ಚು ಮನೆಗಳು ಸುಟ್ಟುಹೋದವು. ಡಿಸೆಂಬರ್‌ನಿಂದ ಮಾರ್ಚ್ ತನಕ ಕಾಡಿನಲ್ಲಿ ಉಳಿಯುವುದಾದರೆ ಸರ್ಕಾರದ ಎಮರ್ಜೆನ್ಸಿ ಡಬ್ಲ್ಯುಎ ಆ್ಯಪ್ ಫೋನಿನಲ್ಲಿರಲಿ. ಹೊರಬರುವ ದಾರಿ ಎಷ್ಟಿವೆ ಎಂದು ಮಾಲೀಕರನ್ನು ಕೇಳಲು ಸಂಕೋಚ ಬೇಡ.

ಅಡುಗೆಮನೆ ಇದ್ದರೆ ಏನೇನು ಕೇಳಬೇಕು

ಸಸ್ಯಾಹಾರಿ ಕುಟುಂಬಕ್ಕೆ ಅಡುಗೆಮನೆ ಇರುವ ಜಾಗವೇ ಸರಿ. ತೋಟದ ರೆಸ್ಟೋರೆಂಟ್‌ಗಳು ಮೊದಲೇ ಹೇಳಿದರೆ ಸಸ್ಯಾಹಾರ ಚೆನ್ನಾಗಿಯೇ ಮಾಡಿಕೊಡುತ್ತವೆ. ಆದರೆ ಅವರ ಲೆಕ್ಕದಲ್ಲಿ ಮೊಟ್ಟೆಯೂ ಸಸ್ಯಾಹಾರ. ಮೊಟ್ಟೆ ತಿನ್ನದವರು ಅದನ್ನು ಬೇರೆಯಾಗಿ ಹೇಳಬೇಕು. ಎಷ್ಟೇ ಚೆನ್ನಾಗಿದ್ದರೂ ಮೂರನೇ ದಿನಕ್ಕೆ ಅಪ್ಪ ಅಮ್ಮನಿಗೆ ಮೊಸರನ್ನ ಬೇಕು ಅನ್ನಿಸುತ್ತದೆ, ಅಲ್ವಾ?

ಮಾಲೀಕರಿಗೆ ಮೆಸೇಜ್ ಮಾಡಿ ಒಲೆ ಯಾವುದು ಎಂದು ಕೇಳಿ. ಇಂಡಕ್ಷನ್ ಆದರೆ ನೀವು ಹೊತ್ತುಕೊಂಡು ಹೋಗುವ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬರುವುದಿಲ್ಲ, ಇಂಡಕ್ಷನ್ ತಳದ ಸ್ಟೀಲಿನದು ಬೇಕು. ಒಗ್ಗರಣೆ ಹಾಕುವ ಮೊದಲು ಎಕ್ಸಾಸ್ಟ್ ಹಾಕಿ, ಕಿಟಕಿ ತೆರೆಯಿರಿ. ಹೊಗೆ ಅಲಾರಂ ಸೂಕ್ಷ್ಮವಾಗಿರುತ್ತದೆ. "ಕಿಚನೆಟ್" ಅಂತ ಬರೆದಿದ್ದರೆ ಅದು ಅಡುಗೆಮನೆಯಲ್ಲ. ಕೆಟಲ್, ಮೈಕ್ರೋವೇವ್, ಪುಟ್ಟ ಫ್ರಿಜ್, ಅಷ್ಟರಲ್ಲಿ ಮುಗಿಯಬಹುದು.

ಊರಿನಿಂದ ತಿಂಡಿ, ಪುಡಿ ಒಯ್ಯುವವರು ಆಸ್ಟ್ರೇಲಿಯಾಕ್ಕೆ ಇಳಿಯುವಾಗ ತುಂಬುವ ಫಾರಂನಲ್ಲಿ ಎಲ್ಲವನ್ನೂ ಬರೆಯಿರಿ. ಬರೆದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ ಬಲು ಜೋರು. ಹಸಿ ಕರಿಬೇವು, ಹಣ್ಣು, ಬೀಜ ಬೇಡವೇ ಬೇಡ. ಪರ್ತ್‌ನಲ್ಲಿ ಭಾರತೀಯ ದಿನಸಿ ಅಂಗಡಿಗಳು ಸಾಕಷ್ಟಿವೆ. ಸೋನಾ ಮಸೂರಿ, ಬೇಳೆ, ಹುಳಿಪುಡಿ ಅಲ್ಲೇ ಕೊಂಡು ಡಿಕ್ಕಿಗೆ ಹಾಕಿಕೊಳ್ಳಿ. ಮೆಲ್ಬರ್ನ್ ಮುಗಿಸಿಕೊಂಡು ಬಸಲ್ಟನ್‌ಗೆ ನೇರ ವಿಮಾನದಲ್ಲಿ ಬರುವವರಿಗೆ ಇನ್ನೊಂದು ಮಾತು. ಬೇರೆ ರಾಜ್ಯದ ಹಣ್ಣು, ಜೇನುತುಪ್ಪವನ್ನು ಪಶ್ಚಿಮ ಆಸ್ಟ್ರೇಲಿಯಾ ಒಳಗೆ ಬಿಡುವುದಿಲ್ಲ.

ಯಾವ ತಿಂಗಳು

ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವ ತನಕ ಅಲ್ಲಿನ ಬೇಸಿಗೆ ರಜೆ. ಬಾಡಿಗೆ ಏರಿರುತ್ತದೆ, ಮೂರು ನಾಲ್ಕು ರಾತ್ರಿಗಿಂತ ಕಡಿಮೆಗೆ ಕೊಡುವುದಿಲ್ಲ. ಈಸ್ಟರ್ ವಾರವೂ ಹಾಗೆಯೇ. ನಮ್ಮ ಶಾಲೆಗಳ ಬೇಸಿಗೆ ರಜೆಗೆ ಹೋಗುವವರು ಏಪ್ರಿಲ್ 25ರ ಅಂಜಾಕ್ ದಿನ (ಯೋಧರ ಸ್ಮರಣೆಯ ರಜೆ) ಕಳೆದ ಮೇಲಿನ ವಾರ ಹಿಡಿದರೆ ಜನ ಇಳಿದಿರುತ್ತಾರೆ, ಬಿಸಿಲು ಹಿತ, ಬಳ್ಳಿಯ ಎಲೆಗಳು ಬಣ್ಣ ತಿರುಗುತ್ತಿರುತ್ತವೆ. ಮೇ ಕೊನೆಯಾದರೆ ಮಳೆ ಹಿಡಿದುಕೊಳ್ಳುತ್ತದೆ. ನನ್ನ ಮೆಚ್ಚಿನದು ಮಾತ್ರ ದಸರಾ ರಜೆ. ಅಕ್ಟೋಬರ್‌ನಲ್ಲಿ ಅಲ್ಲಿ ವಸಂತ. ಕಾಡುಹೂ, ತಿಮಿಂಗಿಲ, ಚಿಗುರಿದ ಬಳ್ಳಿ ಮೂರೂ ಒಟ್ಟಿಗೆ ಸಿಗುತ್ತವೆ. ನೀರು ಮಾತ್ರ ಇನ್ನೂ ತಣ್ಣಗಿರುತ್ತದೆ.

ಬುಕ್ ಮಾಡುವ ಮುಂಚೆ

ಮೊದಲ ಪರದೆಯಲ್ಲಿ ಕಾಣುವ ಬೆಲೆಯನ್ನು ನಂಬಬೇಡಿ. ಶುಚಿ ಮಾಡುವ ಶುಲ್ಕ, ಹೆಚ್ಚುವರಿ ಜನರ ಶುಲ್ಕ ಸೇರಿಸಿ, ರಾತ್ರಿಗಳಿಂದ ಭಾಗಿಸಿ ನೋಡಿ. ಎರಡೇ ರಾತ್ರಿಗೆ ಮನೆ ಹಿಡಿದರೆ ಆ ಶುಲ್ಕವೇ ಭಾರವಾಗಿ ಮೋಟೆಲ್ ಅಗ್ಗವಾಗಬಹುದು. ನಾಲ್ಕು ರಾತ್ರಿ ದಾಟಿದರೆ ಮನೆಯೇ ಲಾಭ. ಹಾಸಿಗೆ ಬಟ್ಟೆ, ಟವೆಲ್ ಸೇರಿದೆಯೇ ಕೇಳಿ. ಕೆಲವು ಮನೆ, ಕ್ಯಾಬಿನ್‌ಗಳಲ್ಲಿ ಅದಕ್ಕೆ ಬೇರೆ ದುಡ್ಡು. ಖಾಲಿ ಮಾಡುವ ಸಮಯ ಬೆಳಗ್ಗೆ ಹತ್ತು, ಸುಮ್ನೆ ಹೇಳಿದ್ದಲ್ಲ, ಹತ್ತು ಅಂದರೆ ಹತ್ತೇ. ಖಾಸಗಿ ಮನೆ ಹಿಡಿಯುವುದಾದರೆ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಇದೆಯೇ ನೋಡಿ. ಅಲ್ಪಾವಧಿ ಬಾಡಿಗೆ ಮನೆಗಳು 2025ರ ಜನವರಿಯಿಂದ ಆ ರಾಜ್ಯದಲ್ಲಿ ನೋಂದಣಿ ಆಗಿರಲೇಬೇಕು. ಸಂಖ್ಯೆ ಇಲ್ಲದ ಮನೆಗೆ ಮುಂಗಡ ಕಳಿಸಬೇಡಿ.

ಆರೇಳು ರಾತ್ರಿ ಇರುವ ಕುಟುಂಬವಾದರೆ ನಾನು ಎರಡು ಕಡೆ ಹಂಚುತ್ತೇನೆ. ಮೊದಲ ಮೂರು ರಾತ್ರಿ ಡನ್ಸ್‌ಬರೋ ಕಡೆಯ ಕ್ಯಾಬಿನ್, ಮಕ್ಕಳಿಗೆ ಶಾಂತ ಕಡಲು, ಪ್ರಯಾಣದ ದಣಿವು ಆರಲು ಸಮಯ. ಉಳಿದದ್ದು ಮಾರ್ಗರೆಟ್ ರಿವರ್ ಪೇಟೆಯಲ್ಲಿ, ಗುಹೆ, ಕಾಡು, ದೀಪಸ್ತಂಭಕ್ಕೆ. ಒಂದರಿಂದ ಇನ್ನೊಂದಕ್ಕೆ 45 ಕಿಲೋಮೀಟರ್ ಅಷ್ಟೇ, ವಿಲಿಯಾಬ್ರಪ್ ತೋಟಗಳು ಸರಿಯಾಗಿ ನಡುದಾರಿಯಲ್ಲಿವೆ. ಜಾಗ ಬದಲಿಸುವ ದಿನವೇ ಅಲ್ಲಿ ಮಧ್ಯಾಹ್ನದ ಊಟಕ್ಕೆ ಟೇಬಲ್ ಕಾದಿರಿಸಿ. ಹತ್ತಕ್ಕೆ ಒಂದು ಮನೆ ಬಿಟ್ಟು, ಮೂರಕ್ಕೆ ಇನ್ನೊಂದರ ಕೀಲಿ ಸಿಗುವ ತನಕದ ಹೊತ್ತು ಅಲ್ಲೇ ಕಳೆಯುತ್ತದೆ. ಅವತ್ತು ಗಾಡಿ ಓಡಿಸುವವರು ಮಾತ್ರ ದ್ರಾಕ್ಷಿ ರಸವನ್ನೇ ಕೇಳಬೇಕು.